ಕಪ್ಪಿನ ಮೇಲೆ ಉಳಿದ ಕೈ

ಮಗಳೇ ಸುಜಾತಾ,

ಚಹಾ ಕಪ್ಪಿಗೆ ಫೋಟೋ ಅಚ್ಚೊತ್ತುವ ಆ ಮಿಷನ್ನು ಮನೆಗೆ ಬಂದ ದಿನ ನಾನು ಅದನ್ನು ಅಡುಗೆಮನೆಯ ಹತ್ತಿರ ಇಡಗೊಡಲಿಲ್ಲ, ನೆನಪಿದೆಯೇ? ಗಿಣಿಗೇರಾದ ನಿನ್ನ ಬಾಡಿಗೆ ಮನೆಯಲ್ಲಿ ಫ್ಯಾಕ್ಟರಿಯ ಕರಿ ಧೂಳು ಬಿಳಿ ಕಪ್ಪುಗಳ ಮೇಲೆ ಕೂತು ಚುಕ್ಕೆ ಬೀಳುತ್ತಿದ್ದವು. ಅದಕ್ಕೇ ನೀನು ಅದನ್ನು ಕುಷ್ಟಗಿಯ ನನ್ನ ಮನೆಗೆ ತಂದಿದ್ದೆ. ಫೋಟೋವನ್ನು ಉಲ್ಟಾ ಮಾಡಿ ಕಾಗದಕ್ಕೆ ತೆಗೆಯುವುದು, ಕಪ್ಪಿಗೆ ಸುಕ್ಕಿಲ್ಲದಂತೆ ಸುತ್ತಿ ಟೇಪು ಹಚ್ಚುವುದು, ಕಾದ ಮಿಷನ್ನಿನೊಳಗೆ ಕೂರಿಸಿ ಹಿಡಿಕೆ ಒತ್ತುವುದು, ಅದು ಕೂಗುವವರೆಗೆ ಕಾಯುವುದು. "ಕಾಗದದಾಗ ಬಣ್ಣ ಸಪ್ಪಗ ಕಾಣ್ತಾವ, ಅಂಜಬ್ಯಾಡ ಯವ್ವಾ. ಕಾವು ಹತ್ತಿದ ಮ್ಯಾಲೆ ನೋಡು" ಎಂದು ನೀನು ಹೇಳಿದ್ದೆ. "ಎಸ್ಸೆಸ್ಸೆಲ್ಸಿ ಪಾಸಾದಾಕಿ ನಾನು, ನನಗ ಪಾಠ ಹೇಳ್ತೀಯೇನ?" ಎಂದು ನಾನು ಗದರಿದೆ. ನೀನು ನಕ್ಕೆ. ಕಲಿತದ್ದು ಮಾತ್ರ ನಿನ್ನಿಂದಲೇ.

ಜ್ವರವೆಂದು ನೀನು ಅದೇ ಕೋಣೆಯ ಗೋಡೆಗೆ ಒರಗಿ ಕೂತ ಮಧ್ಯಾಹ್ನ ಈಗಲೂ ಕಣ್ಣ ಮುಂದಿದೆ. ಮೈ ಕೆಂಡವಾಗಿದ್ದರೂ ಯಲಬುರ್ಗಾದವರು ಆರ್ಡರು ಕೊಟ್ಟಿದ್ದ ಕಪ್ಪುಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದೆ. ಡೆಂಗಿ ಎಂದರು. ಕೊಪ್ಪಳದ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಪ್ಲೇಟ್ಲೆಟ್ಟು ಇಳಿಯುತ್ತಲೇ ಹೋಯಿತು. ಕೊನೆಗೆ ನನ್ನ ಸೆರಗು ಹಿಡಿದು "ಯವ್ವಾ, ಅಕ್ಷತಾನ್ನ..." ಎಂದೆ. ಮುಂದಿನ ಮಾತು ಬರಲಿಲ್ಲ. ನಿನ್ನ ಕೂಸನ್ನು ಏನು ಮಾಡು ಎನ್ನುತ್ತಿದ್ದೆ? ಇಟ್ಟುಕೋ ಎಂದೋ? ಅವರಪ್ಪನಿಗೆ ಒಪ್ಪಿಸು ಎಂದೋ? ಆ ಅರ್ಧ ಮಾತನ್ನು ಹೊತ್ತುಕೊಂಡು ನಾನು ಇಷ್ಟು ಕಾಲ ತಿರುಗಿದ್ದೇನೆ.

ನಿನ್ನ ಗಂಡ ಈ ಚಳಿಗಾಲದಲ್ಲಿ ಪೇಢೆಯ ಡಬ್ಬಿ ಹಿಡಿದು ಬಂದ. ಹೊಸ್ತಿಲಲ್ಲೇ ನಿಂತು ಚಪ್ಪಲಿ ನೋಡಿಕೊಳ್ಳುತ್ತ, "ಅತ್ತಿ, ಕನಕಗಿರಿ ಕಡೆ ಸಂಬಂಧ ಗಟ್ಟಿ ಆಗೈತ್ರಿ" ಎಂದ.

"ಆಗ್ಲಿ. ಬಾ, ಕುಂದ್ರು" ಎಂದೆ. ಗಂಡಸು, ವಯಸ್ಸಿದೆ, ಮದುವೆಯಾಗಬಾರದೇ? ನಾನೇನೂ ಅಡ್ಡ ಮಾತಾಡಲಿಲ್ಲ.

"ಮದುವಿ ಆದ ಮ್ಯಾಲೆ ಅಕ್ಷತಾನ್ನ ಕರಕೊಂಡು ಹೋಗ್ತೀನ್ರಿ. ಮತ್ತ... ಮದುವಿಗೆ ಬಂದೋರಿಗೆ ಕೊಡಾಕ ಫೋಟೋ ಹಾಕಿದ ಕಪ್ ಬೇಕಾಗ್ಯಾವು. ನಮ್ಮ ಮನ್ಯಾಗ ಮಿಷನ್ ಇರೂವಾಗ ಹೊರಗ ಯಾಕ ಮಾಡಸೂದು ಅಂತ..."

"ಮಿಷನ್ ನನ್ನ ಮಗಳದು. ಮನಿ ನಂದು. ನಿಂದು ಯಾವುದಪಾ ಇಲ್ಲಿ?"

"ಹುಡುಗಿ ನಂದ ಅಲ್ಲೇನ್ರಿ?" ಎಂದ. ಕಪ್ಪು ಮಾಡಿಕೊಡಲು ಒಪ್ಪಿದೆ. ಅಳಿಯನ ಎದುರು ಹೊಟ್ಟೆಕಿಚ್ಚಿನವಳಂತೆ ಕಾಣುವುದು ನನಗೆ ಬೇಡವಾಗಿತ್ತು.

ಫೋಟೋ ಬಂದದ್ದು ನಿನ್ನದೇ ಮೊಬೈಲಿಗೆ. ಅದನ್ನು ನಾನು ಬಂದ್ ಮಾಡಿಸಿಲ್ಲ, ಆರ್ಡರುಗಳು ಇನ್ನೂ ಅದಕ್ಕೇ ಬರುತ್ತವೆ. ನಿನ್ನ ಗಂಡ, ಆ ಹೆಣ್ಣು, ನಡುವೆ ಅಕ್ಷತಾ. ಮಾದರಿಗೆಂದು ಒಂದು ಕಪ್ಪು ಒತ್ತಿದೆ. ಕಾಗದದಲ್ಲಿ ಎಲ್ಲ ಮಸುಕಾಗಿತ್ತು. ಮಿಷನ್ನು ಕೂಗಿದ ಮೇಲೆ ಕಾಗದ ಸುಲಿದು ನೋಡಿದರೆ ಕೂಸಿನ ಹೆಗಲ ಮೇಲೆ ಒಂದು ಕೈ. ಆ ಹೆಣ್ಣಿನ ಎರಡು ಕೈಗಳೂ ಅವಳ ಮಡಿಲಲ್ಲೇ ಇದ್ದವು. ಹಸಿರು ಬಳೆ, ಸೊಟ್ಟ ಕಿರುಬೆರಳು. ನನ್ನಿಂದ ನಿನಗೆ ಬಂದ ಬೆರಳು ನನಗೆ ಗೊತ್ತಾಗದೇ? ನೀವು ಮೂವರೂ ತೆಗೆಸಿಕೊಂಡಿದ್ದ ಹಳೆಯ ಫೋಟೋದಲ್ಲಿ ನಿನ್ನನ್ನು ಕತ್ತರಿಸಿ, ಅವಳನ್ನು ತಂದು ಅಂಟಿಸಿದ್ದರು. ಕೈ ಮಾತ್ರ ಕೂಸನ್ನು ಬಿಟ್ಟಿರಲಿಲ್ಲ.

ನೀನು ಹೋದಾಗ ಇನ್ನೂ ಎಳೆಗೂಸಾಗಿದ್ದ ಅಕ್ಷತಾ ಸಾಲೆಯಿಂದ ಬಂದವಳು ಕಪ್ಪನ್ನು ಎತ್ತಿಕೊಂಡಳು. ನಾನು ಕಸಿದುಕೊಳ್ಳುವಷ್ಟರಲ್ಲಿ ನೋಡಿಯೇ ಬಿಟ್ಟಳು. "ಆಯಿ, ಇದು ಹೊಸವ್ವನ ಕೈಯೇನ? ಬಳಿ ಭಾಳ ಛಲೋ ಅದಾವ." ಸುಜಾತಾ, ನೀನು ಸತ್ತ ದಿನ ನಾನು ಮಂದಿಯ ಮುಂದೆ ಕಣ್ಣೀರು ಹಾಕಲಿಲ್ಲ. ಆ ಮಾತು ಕೇಳಿ ಹಿತ್ತಲಿಗೆ ಹೋಗಿ...

ಇರಲಿ.

ನಿನ್ನ ಗಂಡನಿಗೆ ಫೋನು ಮಾಡಿ, ಫೋಟೋದಲ್ಲಿ ನಿನ್ನ ಕೈ ಉಳಿದಿದೆ ಎಂದೆ. "ಹೌದ್ರಿ ಅತ್ತಿ, ಆ ಕೈ ಅಳಸ್ರಿ. ನೋಡಿದೋರು ಅಪಶಕುನ ಅಂತಾರ" ಎಂದ. ನಮ್ಮ ಹಿರಿಯರ ಕಾಲದಲ್ಲಿ ಎರಡನೆಯವಳಾಗಿ ಬಂದ ಹೆಣ್ಣಿನ ಕೊರಳಿಗೆ, ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಕಟ್ಟುತ್ತಿದ್ದರು. ಸತ್ತವಳನ್ನು ಅಳಿಸಿ ಸಂಸಾರ ಹೂಡುತ್ತಿರಲಿಲ್ಲ, ಕೊರಳಲ್ಲಿ ಇಟ್ಟುಕೊಂಡು ಬಾಳುತ್ತಿದ್ದರು. ಅದನ್ನೇ ಹೇಳಿದೆ: "ಕೇಳಪಾ ಅಳಿಯದೇವ್ರ, ನಾ ಅಳಸಾಂಗಿಲ್ಲ. ಕೊರಳಾಗ ನನ್ನ ಮಗಳ ಬಿಲ್ಲಿ ಕಟಗೊಂಡು ಆಕಿ ಬರ್ಲಿ. ಅವತ್ತ ಹುಡುಗಿನ್ನ ನಾನ ಕಳಸ್ತೀನಿ." ಅವನು ಫೋನಿಟ್ಟ. ಕಪ್ಪುಗಳನ್ನು ಗಂಗಾವತಿಯ ಯಾವುದೋ ಅಂಗಡಿಯಲ್ಲಿ ಮಾಡಿಸಿಕೊಂಡನಂತೆ. ಮದುವೆಗೆ ಹೋಗಿ ಬಂದವರು ಒಂದನ್ನು ತೋರಿಸಿದರು. ಕೂಸಿನ ಹೆಗಲು ಖಾಲಿಯಾಗಿತ್ತು.

ಮೊನ್ನೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಫೋಟೋದಲ್ಲಿದ್ದ ಅವಳೇ. ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಮೊದಲು ನಾನು ಅವಳ ಕೊರಳು ನೋಡಿದೆ. ತಾಳಿಯ ಹೊರತು ಏನೂ ಇರಲಿಲ್ಲ. ಚಹಾ ಕೊಟ್ಟೆ, ಕುಡಿಯಲಿಲ್ಲ.

"ಅಮ್ಮಾರ, ಬಿಲ್ಲಿ ನಾ ಕಟಗೊಳ್ಳಾಂಗಿಲ್ರಿ. ಆ ಮನ್ಯಾಗ ಯಾವ ಭಾಂಡೆ ಮುಟ್ಟಿದ್ರೂ ನಿಮ್ಮ ಮಗಳ ಹೆಸರು ಕೊರದೈತಿ. ನನಗ ಅಂಜಿಕಿ ಬರ್ತೈತಿ."

"ಹುಡುಗಿ ಏನ ಮಾಡ್ಯಾಳವಾ ನಿನಗ?"

"ಏನೂ ಮಾಡಿಲ್ರಿ. ಆದ್ರ ಆಕಿ ಬಂದ್ರ ನಾ ಅಲ್ಲಿ ಬಾಳ್ವಿ ಮಾಡಾಂಗಿಲ್ಲ. ಇವರು ಮಂದಿ ಸಲುವಾಗಿ ಕರಕೊಂಡು ಬರ್ತೀನಿ ಅಂತಾರ. ನೀವು ಕಳಸಬ್ಯಾಡ್ರಿ."

ಬೈಯಬೇಕೆಂದಿದ್ದೆ. ಮುಖ ನೋಡಿದರೆ ಎಳೆಯ ಹುಡುಗಿ. ಫೋಟೋದಲ್ಲಿ ಅವಳನ್ನು ಅಂಟಿಸಿದಷ್ಟೇ ಸಲೀಸಾಗಿ ಆ ಮನೆಯಲ್ಲೂ ಅಂಟಿಸಿದ್ದಾರೆ ಎನ್ನಿಸಿತು. "ಖರೇ ಹೇಳಿದಿ, ಅಷ್ಟ ಸಾಕು. ನಡಿ, ಬಸ್ಸಿನ ಹೊತ್ತಾಗೈತಿ" ಎಂದೆ.

ನಿನ್ನೆ ನಿನ್ನ ಗಂಡನ ಫೋನು ಬಂತು. "ಹುಡುಗಿ ಸದ್ಯಕ್ಕ ನಿಮ್ಮ ಹತ್ರನ ಇರ್ಲಿ, ಅತ್ತಿ." ಸದ್ಯಕ್ಕೆ ಎಂದರೆ ಏನೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಅಕ್ಷತಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. "ಅಪ್ಪ ಯಾವಾಗ ಬರ್ತಾನ?" ಎಂದಳು. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. "ಬರಾಂಗಿಲ್ಲ. ನೀ ಇಲ್ಲೇ ಇರ್ತಿ" ಎಂದೆ. ಅವಳು ಅಳಲಿಲ್ಲ. ಕೂತು ಬಳಪದಿಂದ ಪಾಟಿಯ ಮೇಲೆ ಗೆರೆ ಎಳೆಯತೊಡಗಿದಳು. ಇದನ್ನು ಗೆಲುವು ಎನ್ನಲೇ? ಅವರಿಗೆ ಬೇಡವಾದದ್ದನ್ನು ಉಳಿಸಿಕೊಂಡವಳು ಗೆದ್ದವಳಾಗುತ್ತಾಳೆಯೇ?

ನೀನು ಪೂರ್ತಿ ಮಾಡದ ಮಾತಿಗೆ ಕಡೆಗೂ ಉತ್ತರ ಬಂದಿದೆ, ಸುಜಾತಾ. ಕೂಸು ನನ್ನ ಹತ್ತಿರ ಇದೆ, ಇಲ್ಲೇ ಇರುತ್ತದೆ. ಮೊಣಕಾಲು ಹಿಡಿಯುತ್ತವೆ, ಎಡಗಣ್ಣು ಮಂಜಾಗಿದೆ. ಆದರೂ ಅವಳು ತನ್ನ ಕಾಲ ಮೇಲೆ ನಿಲ್ಲುವವರೆಗೆ ನಾನು ಸಾಯುವುದಿಲ್ಲ. ನೀನು ಅಲ್ಲಿ ನನ್ನ ದಾರಿ ಕಾಯಬೇಡ.

ನಿನ್ನ ಅವ್ವ