ಕೊನೆಯ ಹೊಲಕ್ಕೆ ಬಂದ ನೀರು

ಬೋನಾಳ,
ಮಂಗಳವಾರ

ಶಹಾಪುರದ ಶಾಂತಪ್ಪ ವಕೀಲರಿಗೆ ಗೊಲ್ಲಾಳಮ್ಮನ ನಮಸ್ಕಾರ.

ನೀವು ಕೊಟ್ಟ ವಿಚ್ಛೇದನದ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿಲ್ಲ. ಇದರ ಜೊತೆ ವಾಪಸ್ ಇಟ್ಟಿದ್ದೇನೆ. ಹೋದ ತಿಂಗಳು "ಯವ್ವಾ, ಜೀವನಾಂಶ ಬಿಡಬ್ಯಾಡ, ನಾ ಕೊಡಸ್ತೀನಿ" ಅಂದವರು ನೀವೇ. ಈಗ ಜೀವನಾಂಶ ಬೇಡವೆಂದು ನಾನೇ ಹೇಳಿದಂತೆ ಬರೆಸಿದ್ದೀರಿ. ಯಾಕೆಂದು ಮೊದಲು ತಿಳಿಯಲಿಲ್ಲ.

ನಿನ್ನೆ ಬಸ್ಸಿನಿಂದ ನಿಮ್ಮ ಹೊಲ ನೋಡಿದೆ. ಕಾಲುವೆಯ ಕಟ್ಟಕಡೆಯ ಹೊಲ, ಅಲ್ಲಿಗೆ ನೀರು ಮುಟ್ಟುವುದೇ ಇಲ್ಲವೆಂದು ನೀವೇ ಗೊಣಗುತ್ತಿದ್ದಿರಿ. ಈ ಸಲ ಭತ್ತ ನಾಟಿ ಮಾಡಿಸಿದ್ದೀರಿ, ಬದುವಿನ ತನಕ ನೀರು ನಿಂತಿದೆ. ನಿಮಗಿಂತ ಮೇಲಿನ ಹೊಲದವರು ಇನ್ನೂ ಸರದಿ ಕಾಯುತ್ತಿದ್ದಾರೆ.

ಆ ಕಾಲುವೆಯ ಗೇಟು ಕಾಯುವವನು ನನ್ನ ಗಂಡ ಅಂಬ್ರಪ್ಪ. ಗೇಟಿನ ಕೀಲಿ ಹನ್ನೊಂದು ವರ್ಷ ನನ್ನ ಅಡುಗೆಮನೆಯ ಗೂಟಕ್ಕೇ ತೂಗುತ್ತಿತ್ತು. ಅವನು ಯಾರಿಗೆ, ಯಾಕೆ ನೀರು ಬಿಡುತ್ತಾನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮದುವೆ ಫೋಟೊ ಸಮೇತ ನನ್ನ ಕಾಗದಗಳನ್ನೆಲ್ಲ ತೆಗೆದಿಡಿ, ಗುರುವಾರ ಬಂದು ಒಯ್ಯುತ್ತೇನೆ. ಸುರಪುರದಲ್ಲಿ ಬೇರೆ ವಕೀಲರನ್ನು ನೋಡಿದ್ದೇನೆ. ಅವರಿಗೆ ನಾನು ಕೇಳಿದ ಮೊದಲ ಮಾತು, "ಸಾಹೇಬ್ರ, ನಿಮಗ ಕಾಲುವಿ ಕೆಳಗ ಹೊಲ ಅದ ಏನ್ರಿ?"

ಇಂತಿ,
ನಿನ್ನೆಯವರೆಗೆ ನಿಮ್ಮ ಕಕ್ಷಿದಾರಳಾಗಿದ್ದ
ಗೊಲ್ಲಾಳಮ್ಮ