ಎಂಟನೇ ಗೋರಿಯ ಬಹಾದ್ದೂರನನ್ನು ಎಬ್ಬಿಸಬೇಡಿ

ಸ್ಮಾರಕಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಂದೊಳ್ಳಿ ಕಡೆಯ ಗುಡ್ಡದಲ್ಲಿರುವ ಮಿಲಿಟರಿ ಗೋರಿಗಳ ಪೈಕಿ ಎಂಟನೆಯದನ್ನು ಈ ತಿಂಗಳ ಇಪ್ಪತ್ತೆಂಟರಂದು ಕೀಳಿಸುವುದಾಗಿ ತಾವು ಬೇಲಿಗೆ ನೋಟೀಸು ಅಂಟಿಸಿದ್ದೀರಿ. ದಯವಿಟ್ಟು ಕೀಳಬೇಡಿ. ನಾನು ಹೇಳಬೇಕಾದದ್ದು ಇಷ್ಟೇ. ಏಕೆ ಕೀಳಬಾರದು ಎಂಬುದರ ವಿವರ ಮಾತ್ರ ಸ್ವಲ್ಪ ಉದ್ದವಿದೆ, ಒಂದು ಚಹಾ ತರಿಸಿಕೊಂಡು ಓದಿ.

ಮೊದಲು ಧನ್ಯವಾದ. ಮಹಾಯುದ್ಧದ ಕಾಲದಲ್ಲಿ ಗುಡ್ಡದ ತುದಿಯಲ್ಲಿ ಸೈನಿಕರ ತರಬೇತಿ ಶಿಬಿರವಿತ್ತು. ಜ್ವರದಲ್ಲಿ ಸತ್ತವರನ್ನು ಅರ್ಧ ಗುಡ್ಡದ ಸಮತಟ್ಟು ಜಾಗದಲ್ಲಿ ಹೂಳಿದರು. ಅಂದಿನಿಂದ ಇಂದಿನವರೆಗೆ, ಅಂದರೆ ಎಂಬತ್ತು ವರ್ಷಗಳಲ್ಲಿ, ತಮ್ಮ ಇಲಾಖೆಯ ಜೀಪು ಆ ಕಡೆ ತಿರುಗಿದ್ದು ಇದೇ ಮೊದಲು. ತಮ್ಮ ಸಿಬ್ಬಂದಿ ಹಳೆಯ ರಿಜಿಸ್ಟರಿನ ನಕಲು ಹಿಡಿದು ಒಂದೊಂದೇ ಕಲ್ಲಿನ ಮುಂದೆ ನಿಂತು ಜೋರಾಗಿ ಓದಿದರು. ಇಬ್ಬರು ಬಿಳಿಯರು, ಮೂವರು ಪಂಜಾಬಿನ ಮುಸಲ್ಮಾನರು, ಇಬ್ಬರು ಮದರಾಸಿನ ಕ್ರಿಶ್ಚಿಯನ್ನರು. ಏಳೂ ತಾಳೆಯಾದವು. ಎಂಟನೆಯ ಕಲ್ಲಿನ ಮೇಲೆ ‘ಬಹಾದ್ದೂರ್, ೨೧೪’ ಎಂದಷ್ಟೇ ಇದೆ. ರಿಜಿಸ್ಟರಿನಲ್ಲಿ ೨೧೪ರ ಮುಂದೆ ಹೀಗಿತ್ತು: ‘ಸಾಮಾನು ಸಾಗಿಸುವ ಹೇಸರಗತ್ತೆ, ಗಂಡು, ಕಂದು ಬಣ್ಣ.’

ಅಲ್ಲಿ ನಾವು ಹದಿನೈದು ಜನರಿದ್ದೆವು. ಆ ಜಾಗದ ಕಳೆ ಕೀಳುತ್ತ ಮೂವತ್ತು ವರ್ಷ ಕಳೆದಿರುವ ನಂದೊಳ್ಳಿಯ ಕೆರಿಯಪ್ಪ, “ಇನ್ನೊಂದ್ಸಲ ಓದಿ ಸರ್, ಸಾಲು ತಪ್ಪಿರ್ಬೇಕು” ಅಂದ. ತಮ್ಮವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಹೇಸರಗತ್ತೆ ಹೇಸರಗತ್ತೆಯಾಗಿಯೇ ಉಳಿಯಿತು.

ನಮ್ಮ ಸಂಕಟ ತಮಗೆ ತಿಳಿಯಬೇಕಾದರೆ ನಮ್ಮ ಪದ್ಧತಿ ತಿಳಿಯಬೇಕು. ಯಲ್ಲಾಪುರದ ನಾವು ಲಾರಿಯವರು ಹೊಸ ಗಾಡಿ ತಂದರೆ, ಮೊದಲ ಲೋಡು ಹೇರಿ ಘಟ್ಟ ಇಳಿಸುವ ಮುನ್ನ ಆ ಗೋರಿಗೆ ಹೋಗಿ ಒಂದು ಮುಷ್ಟಿ ಹುರುಳಿ ಇಟ್ಟು, ಸೆಲ್ಯೂಟ್ ಹೊಡೆದು ಬರುತ್ತೇವೆ. ಬಹಾದ್ದೂರ್ ಸಾಹೇಬರು ಇಳಿಜಾರಿನಲ್ಲಿ ಒಮ್ಮೆಯೂ ಕಾಲು ಜಾರದ ಸಿಪಾಯಿ ಎಂಬ ಮಾತು ಹಿರಿಯರಿಂದ ಬಂದದ್ದು. ಹುರುಳಿಯೇ ಏಕೆ ಎಂದು ಯಾರೂ ಕೇಳಲಿಲ್ಲ. ಗುಡ್ಡಗಾಡಿನವನು, ಅವನ ಊರಲ್ಲಿ ಅದೇ ಊಟವಿರಬೇಕು ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು. ಕೆರಿಯಪ್ಪನ ಹೆಂಡತಿ ವೆಂಕಮ್ಮನಿಗಂತೂ ಹಸಿ ಕಾಳು ಇಡುವುದು ಕಂಡು ಕರುಳು ಚುರ್ ಎಂದಿತು. “ಮಿಲಿಟ್ರಿಯವ್ರು ಪಾಪ, ಹಸಿ ಹುರುಳಿ ಎಂತ ತಿಂತ್ರು?” ಎಂದು ಹುರುಳಿ ಬೇಯಿಸಿ, ಕಟ್ಟಿನ ಸಾರು ಮಾಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಾಳೆ ಎಲೆಯ ಮೇಲೆ ಬಡಿಸಿ ಬರತೊಡಗಿದಳು. ಹೀಗೆ ಹನ್ನೆರಡು ವರ್ಷ ನಡೆದಿದೆ. ಜಗತ್ತಿನಲ್ಲಿ ಬೇರೆ ಯಾವ ಹೇಸರಗತ್ತೆಗೂ ಒಗ್ಗರಣೆ ಹಾಕಿದ ಸಾರು ಸಿಕ್ಕಿರಲಿಕ್ಕಿಲ್ಲ.

ಇನ್ನು ಅವನ ಜಾತಿಯ ವಿಷಯ. ಬಹಾದ್ದೂರ್ ಎಂದರೆ ನೇಪಾಳದ ಕಡೆಯವನು, ನಮ್ಮವನು ಎಂದು ಕೆರಿಯಪ್ಪ ಕಾಯಿ ಒಡೆಯುತ್ತಿದ್ದ. ನಮ್ಮವನೇ ಎಂದು ನಾನು ಫಾತಿಹಾ ಓದುತ್ತಿದ್ದೆ. ಈ ಬಗ್ಗೆ ನಾವಿಬ್ಬರೂ ಇಪ್ಪತ್ತು ವರ್ಷ ವಾದ ಮಾಡಿದ್ದೇವೆ. ಒಂದು ಸಲ ಮೂರು ತಿಂಗಳು ಮಾತು ಬಿಟ್ಟದ್ದೂ ಉಂಟು. ಅದೊಂದು ಜಗಳವನ್ನು ತಮ್ಮ ರಿಜಿಸ್ಟರು ಒಂದೇ ಏಟಿಗೆ ಬಗೆಹರಿಸಿತು, ಅದಕ್ಕೂ ಋಣಿಗಳು. ಸುದ್ದಿ ಶಿರಸಿ ತಲುಪಲು ಅರ್ಧ ದಿನ ಸಾಕಾಯಿತು. ಈಗ ಶಿರಸಿಯ ಲಾರಿ ಸ್ಟ್ಯಾಂಡಿನಲ್ಲಿ ನಾನು ಕೆಳಗಿಳಿದರೆ ಸಾಕು, ಅಲ್ಲಿನವರು ಕೆನೆಯುತ್ತಾರೆ. ಸಿದ್ದಾಪುರದ ಒಬ್ಬರು ಗಾಡಿಯ ಹಿಂದೆ ಹುಲ್ಲಿನ ಕಟ್ಟು ನೇತುಹಾಕಿ ಹೋದರು. ನಾವೂ ನಕ್ಕೆವು. ಮೂರು ದಿನ ಊರಿಡೀ ಬರೀ ನಗುವೇ.

ನಾಲ್ಕನೆಯ ದಿನ ತಮ್ಮ ನೋಟೀಸು ಬಂತು. ‘ಸದರಿ ಸ್ಥಳದ ಕ್ರಮಸಂಖ್ಯೆ ಎಂಟರ ಸ್ಮಾರಕವು ಯೋಧನದ್ದಾಗಿರದೆ ಸಾಗಾಣಿಕೆ ಪ್ರಾಣಿಯದ್ದಾಗಿರುವುದರಿಂದ, ಅನರ್ಹವೆಂದು ಪರಿಗಣಿಸಿ ತೆರವುಗೊಳಿಸತಕ್ಕದ್ದು.’ ಸ್ವಾಮಿ, ಅನರ್ಹ ಎಂಬ ಪದ ನಮಗೆ ಹೊಸದಲ್ಲ. ರೇಷನ್ ಕಾರ್ಡಿಗೆ ಅನರ್ಹ, ಪಿಂಚಣಿಗೆ ಅನರ್ಹ, ಸೈಟಿಗೆ ಅನರ್ಹ. ಬದುಕಿದ್ದವರು ಅಭ್ಯಾಸವಾಗಿ ಸುಮ್ಮನಿದ್ದೇವೆ. ಆದರೆ ಸತ್ತು ಎಂಬತ್ತು ವರ್ಷವಾದ ಮೇಲೂ ಅರ್ಹತಾ ಪರಿಶೀಲನೆ ಇದೆಯೆಂದು ನಮಗೆ ಗೊತ್ತಿರಲಿಲ್ಲ. ಆತ ಯಾವ ಅರ್ಜಿಯನ್ನೂ ಹಾಕಿರಲಿಲ್ಲವಲ್ಲ?

ನೋಟೀಸು ಓದಿದ ಕೆರಿಯಪ್ಪ ನೇರ ನಮ್ಮ ಮನೆಗೆ ಬಂದ. ಎಂಬತ್ತೆಂಟು ವರ್ಷದ ನನ್ನ ತಾಯಿ ಬಿಸ್ಮಿಲ್ಲಾ ಬಿ ಅಕ್ಕಿ ಆರಿಸುತ್ತ ಕೂತಿದ್ದರು. ಆ ನಾಲ್ಕು ದಿನ ನಾವು ಆಕೆಗೆ ಏನೂ ಹೇಳಿರಲಿಲ್ಲ, ನೊಂದುಕೊಳ್ಳುತ್ತಾರೆಂದು. ಕೆರಿಯಪ್ಪ ತಡೆಯಲಾಗದೆ ಹೇಳಿಯೇಬಿಟ್ಟ: “ಅಮ್ಮಾ, ಇಷ್ಟು ವರ್ಷ ನಾವು ಕೈ ಮುಗಿದದ್ದು ಹೇಸರಗತ್ತೆಗಂತೆ.”

ತಾಯಿ ಮೊರದಿಂದ ತಲೆ ಎತ್ತಲಿಲ್ಲ. “ಹೌದು. ಖಚ್ಚರ್ರು. ಮದ್ವೆ ಆಗಿ ಬಂದ ವರ್ಷವೇ ನಮ್ಮ ಮಾವ ಹೇಳಿದ್ರು.”

“ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?” ನಾನು ಕೇಳಿದೆ.

“ನೀವ್ಯಾರು ಕೇಳಿದ್ರಿ? ಕೈ ಮುಗೀತಿದ್ರಿ, ಮುಗೀಲಿ ಅಂತ ಬಿಟ್ಟೆ. ವೆಂಕಮ್ಮ ಸಾರು ತಗಂಡು ಹೋಗೋದು ಕಂಡು ಒಂದ್ಸಲ ಹೇಳೋಣ ಅಂತ ಬಾಯಿ ತನಕ ಬಂತು. ಆದ್ರೆ ಪುಣ್ಯಾತ್ಗಿತ್ತಿ ಸಾರು ಚಲೋ ಮಾಡ್ತಾಳೆ. ಉಳಿದದ್ದು ನಮ್ಮನೆಗೂ ಬರ್ತದೆ.”

ಆಮೇಲೆ ಆಕೆ ಹೇಳಿದ್ದನ್ನು ತಾವು ಗಮನವಿಟ್ಟು ಓದಬೇಕು, ಏಕೆಂದರೆ ಇದು ತಮ್ಮ ರಿಜಿಸ್ಟರಿನಲ್ಲಿಲ್ಲ. ನನ್ನ ಅಜ್ಜ ಮಕ್ತುಂ ಸಾಬರು ಶಿಬಿರದಲ್ಲಿ ಬಹಾದ್ದೂರನನ್ನು ನೋಡಿಕೊಳ್ಳುತ್ತಿದ್ದವರು. ಒಂದೇ ಮಳೆಗಾಲದಲ್ಲಿ ಏಳು ಜನ ಜ್ವರಕ್ಕೆ ಸತ್ತರು. ಕೆಸರಿನಲ್ಲಿ ಮನುಷ್ಯರೇ ನಿಲ್ಲಲಾಗದ ಇಳಿಜಾರು. ಏಳೂ ಹೆಣಗಳನ್ನು ತಾಡಪಾಲಿನಲ್ಲಿ ಸುತ್ತಿ ಬಹಾದ್ದೂರನ ಬೆನ್ನ ಮೇಲೆಯೇ ಇಳಿಸಿದರು. ಮೂರನೆಯ ಸಲದಿಂದ ಅಜ್ಜ ಹಗ್ಗ ಹಿಡಿಯುವುದನ್ನೇ ಬಿಟ್ಟರಂತೆ. ಅವನೇ ಬಂದು, ಅವನೇ ಗುಂಡಿಯ ಪಕ್ಕ ನಿಂತು, ಭಾರ ಇಳಿಸುವವರೆಗೆ ಕಾಲು ಕದಲಿಸುತ್ತಿರಲಿಲ್ಲ. ಏಳನೆಯವನನ್ನು ಇಳಿಸಿದ ಎರಡೇ ವಾರಕ್ಕೆ ಅವನೂ ಹೊಟ್ಟೆಶೂಲೆಯಲ್ಲಿ ಬಿದ್ದು ಸತ್ತ. ಮೇಲಿನವರು ಎಲ್ಲಾದರೂ ಕಾಡಿಗೆ ಎಳೆದು ಹಾಕಿ ಅಂದರು. ಸಿಪಾಯಿಗಳು ಒಪ್ಪಲಿಲ್ಲ. ಎರಡು ದಿನ ಪಾಳಿ ಮೇಲೆ ಅಗೆದು, ತಮ್ಮವರ ಸಾಲಿನಲ್ಲೇ ಮಲಗಿಸಿ, ಕಲ್ಲು ನೆಟ್ಟರು. ಅವನ ಆ ದಿನದ ಪಡಿತರ ಒಂದು ಮುಷ್ಟಿ ಹುರುಳಿ ಅಜ್ಜನ ಕೈಯಲ್ಲಿ ಹಾಗೇ ಉಳಿದಿತ್ತು. ಅದನ್ನು ಕಲ್ಲಿನ ಬುಡಕ್ಕಿಟ್ಟರು.

ಈಗ ತಾವೇ ಹೇಳಿ, ಆ ಜಾಗ ಯಾರದ್ದು ಎಂದು ತೀರ್ಮಾನಿಸುವ ಅಧಿಕಾರ ಆ ಸಿಪಾಯಿಗಳಿಗಿಂತ ಹೆಚ್ಚಾಗಿ ಯಾರಿಗಿದೆ? ಜೊತೆಯಲ್ಲಿ ಉಂಡವರು, ಮಲಗಿದವರು, ಸಾಯುವುದನ್ನು ಕಂಡವರು ಇವನು ನಮ್ಮವನು ಎಂದು ಮಣ್ಣು ಹಾಕಿದ್ದಾರೆ. ಅವನಿಗೆ ನಂಬರಿತ್ತು, ಹೆಸರಿತ್ತು, ಪಡಿತರವಿತ್ತು. ರಜೆ ಮಾತ್ರ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಇಲ್ಲಿ ಹೊಳೆ ದಾಟಿದ ಏಳು ಜನ ಎಂಬತ್ತು ವರ್ಷದಿಂದ ಅಂಬಿಗನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ, ತಾವು ಬಂದು ಅವನನ್ನು ಎಬ್ಬಿಸುತ್ತಿದ್ದೀರಿ.

ನಗುನಗುತ್ತಲೇ ಬರೆಯುತ್ತಿದ್ದೇನೆ, ಆದರೆ ಒಂದು ಮಾತು ನಗುತ್ತ ಹೇಳಲಾರೆ. ಅಜ್ಜ ಸಾಯುವಾಗ ಮನೆ, ಜಾಗ ಯಾವುದರ ಮಾತೂ ಆಡದೆ, ಬಹಾದ್ದೂರನ ಹುರುಳಿ ತಪ್ಪಿಸಬೇಡ ಎಂದು ಸೊಸೆಯ ಕೈ ಹಿಡಿದು ಹೇಳಿದರಂತೆ. ಐವತ್ತೈದು ವರ್ಷದಿಂದ ಆಕೆ ತಪ್ಪಿಸಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ನನ್ನ ಕೈಯಲ್ಲಿ ಕಳಿಸುತ್ತಾರೆ. ನೋಟೀಸಿನ ಸುದ್ದಿ ಕೇಳಿ ಆಕೆ ಅಳಲಿಲ್ಲ, ಬೈಯಲೂ ಇಲ್ಲ. “ಕಲ್ಲು ಕಿತ್ರೆ ಹುರುಳಿ ಎಲ್ಲಿ ಇಡೋದು ಜಾವೇದ್?” ಎಂದು ಕೇಳಿದರು. ಮೊದಲ ಬಾರಿಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆಗ.

ಆದ್ದರಿಂದ ನೋಟೀಸು ಹಿಂದಕ್ಕೆ ಪಡೆಯಿರಿ. ತಮ್ಮ ನಿಯಮಕ್ಕೆ ಸತ್ಯವೇ ಬೇಕೆಂದರೆ ಪಕ್ಕದಲ್ಲೊಂದು ಫಲಕ ಹಾಕಿಸಿ, ‘ಇಲ್ಲಿ ಏಳು ಯೋಧರೂ ಅವರನ್ನು ಹೊತ್ತು ತಂದವನೂ ಮಲಗಿದ್ದಾರೆ’ ಎಂದು ಬರೆಸಿ. ನಮಗೆ ನಾಚಿಕೆಯಿಲ್ಲ. ವೆಂಕಮ್ಮನೂ ಒಗ್ಗರಣೆ ನಿಲ್ಲಿಸುವುದಿಲ್ಲ ಎಂದಿದ್ದಾಳೆ.

ಇಲ್ಲ, ಕೀಳಲೇಬೇಕು ಎಂದರೆ ಒಂದು ತೊಂದರೆಯನ್ನು ಈಗಲೇ ತಿಳಿಸಿಬಿಡುತ್ತೇನೆ. ರಸ್ತೆಯಿಂದ ಅಲ್ಲಿಗೆ ಕಾಲುದಾರಿಯೊಂದೇ ಇರುವುದು. ತಮ್ಮ ಸಿಬ್ಬಂದಿ ಬರಿಗೈಯಲ್ಲಿ ಹತ್ತುವಾಗಲೇ ಎರಡು ಸಲ ಕೂತರು. ಜೆಸಿಬಿ ಒಯ್ಯಲು ಮರ ಕಡಿಯಬೇಕು, ಅದಕ್ಕೆ ಅರಣ್ಯ ಇಲಾಖೆ ಬಿಡುವುದಿಲ್ಲ. ಕಲ್ಲು ಮೂರು ಕ್ವಿಂಟಾಲಿಗೆ ಕಡಿಮೆಯಿಲ್ಲ, ಅದಕ್ಕೆ ಕೈ ಹಚ್ಚುವವರು ನಂದೊಳ್ಳಿಯಲ್ಲೂ ಇಲ್ಲ, ಯಲ್ಲಾಪುರದಲ್ಲೂ ಇಲ್ಲ, ವಿಚಾರಿಸಿ ಆಗಿದೆ. ಅಂಥ ದಾರಿಯಲ್ಲಿ ಅಷ್ಟು ಭಾರವನ್ನು ಜಾರದೆ ಇಳಿಸಬಲ್ಲವನು ನಮ್ಮ ಕಡೆ ಒಬ್ಬನೇ ಇದ್ದ. ಅವನು ಆ ಕಲ್ಲಿನ ಕೆಳಗೇ ಇದ್ದಾನೆ, ಕೇಳಿ ನೋಡಿ.

ಇಂತಿ,
ಮೂವತ್ತೆಂಟು ವರ್ಷ ಕತ್ತೆಯಂತೆ ದುಡಿದೂ ತನ್ನ ಗೋರಿಗೆ ಅರ್ಹತೆ ಸಿಕ್ಕೀತೋ ಇಲ್ಲವೋ ಎಂದು ಈಗೀಗ ಯೋಚಿಸುತ್ತಿರುವ,
ಜಾವೇದ್ ಖಾಜಾ ಹುಸೇನ್
ಲಾರಿ ಚಾಲಕ, ಯಲ್ಲಾಪುರ