ಮೊಂಡು ತುದಿಯ ಕಾವಲುಗಾರ

ಭಾನುವಾರ, ಮಧ್ಯಾಹ್ನ

ಘನ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವಿಜ್ಞಾನಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿರುವ ಮಹನೀಯರೇ, ಇವರೆಲ್ಲರ ನಡುವೆ ಕಿವಿಗೆ ಬೆಳ್ಳಿ ತೂಗಿಸಿಕೊಂಡು ಮಿಂಚುತ್ತಿರುವ ನನ್ನ ತಂಗಿ ಚೂಟಿಯೇ,

ಸ್ಥಳೀಯ ಕುಶಲಕರ್ಮಿಯ ನಮಸ್ಕಾರಗಳು.

ಟೈಪ್ ಮಾಡಿದ ಪತ್ರ ನೋಡಿ ಗಾಬರಿಯಾಗಬೇಡ. ಅಕ್ಕ ದೊಡ್ಡ ಮನುಷ್ಯಳಾಗಿದ್ದಾಳೆ. ತಾನು ಮಾಡಿದ ಒಡವೆ ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಕೂತದ್ದನ್ನು ಕಂಡ ಮೇಲೆ ಕೈಬರಹ ಅವಳ ಅಂತಸ್ತಿಗೆ ಒಗ್ಗುತ್ತಿಲ್ಲ.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ: ಆಗುವುದಿಲ್ಲ. ನಿಮ್ಮ ಸಮ್ಮೇಳನದ ಅತಿಥಿಗಳಿಗೆಲ್ಲ ರೋಗನಿರೋಧಕ ಕಣಗಳ ಪದಕ ಮಾಡಿಕೊಡಲು ನಾನು ಒಪ್ಪುವುದಿಲ್ಲ. ಕಾರಣ, ನಿಮ್ಮ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯ ಪಕ್ಕ ನಿಲ್ಲಿಸಿದ್ದ ಆ ಕಾರ್ಡು. ಪರಿಕಲ್ಪನೆ ಎನ್ನುವುದರ ಎದುರು ನಿನ್ನ ಹೆಸರು, ಹೆಸರಿಗೆ ಮೊದಲು ಡಾಕ್ಟರು, ಕೊನೆಗೆ ಇನ್ನೂ ಏನೇನೋ ಬಾಲ. ತಯಾರಿಕೆ ಎನ್ನುವುದರ ಎದುರು ‘ಸ್ಥಳೀಯ ಕುಶಲಕರ್ಮಿ’. ಒಂದೇ ಹೊದಿಕೆಗೆ ನಿನ್ನ ಜೊತೆ ಕಿತ್ತಾಡಿ ಬೆಳೆದವಳು ನಾನು. ಒಂದು ಲೆಕ್ಕದಲ್ಲಿ ನಿಜವೇ ಬಿಡು, ನನಗಿಂತ ಸ್ಥಳೀಯರು ನಿನಗೆ ಇನ್ಯಾರಿದ್ದಾರೆ?

ಕೇಳಿದ್ದಕ್ಕೆ ನೀನು, ‘ಅಯ್ಯೋ ಅಕ್ಕಾ, ಅದು ಆಫೀಸ್ನೋರು ಬರ್ಸಿದ್ದು. ನಿನ್ನ ಹೆಸರು ಹಾಕಿದ್ರೆ ನಂಟರಿಗೇ ಕೆಲ್ಸ ಕೊಟ್ಲು ಅಂತಾರೆ’ ಅಂದೆ. ಹೌದಮ್ಮ, ನಂಟು ಅಂದರೆ ಅಂಟುರೋಗ.

ಶುರುವಾದದ್ದು ನನ್ನ ಅಂಗಡಿಯ ಮೇಜಿನ ಮೇಲೆ. ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೋ ಒಂದನ್ನು ನೀನು ತಂದು ಇಕ್ಕಳ, ಮೇಣಗಳ ನಡುವೆ ಇಟ್ಟೆ. ಮೈಯೆಲ್ಲ ಕೈ ಚಾಚಿಕೊಂಡ ಒಂದು ಕಣ. ‘ಇದನ್ನ ಬೆಳ್ಳೀಲಿ ಮಾಡ್ತೀಯಾ?’ ಅಂದೆ. ‘ಕಿತ್ತು ಬಿಸಾಕಿದ ಕಳೆಗಿಡದ ಬೇರಿದ್ದಂಗಿದೆ, ಯಾರೇ ಹಾಕ್ಕೋತಾರೆ ಇದನ್ನ?’ ಅಂತ ನಾನು. ನೀನು ಸಿಟ್ಟಾದೆ. ಮೈಯೊಳಗೆ ನುಗ್ಗಿದ ರೋಗಾಣುವನ್ನು ಹಿಡಿದು, ಉಳಿದ ಕಣಗಳಿಗೆ ತೋರಿಸಿ, ಇವನೇ ಕಳ್ಳ ಎಂದು ಹೇಳಿಕೊಡುವುದೇ ಇದರ ಕೆಲಸವೆಂದೆ. ನಾನು ಮೇಣದಲ್ಲಿ ತಿದ್ದಿದೆ, ಬೆಳ್ಳಿಯಲ್ಲಿ ಎರಕ ಹೊಯ್ದೆ, ಒಂದೊಂದು ಕೈಯನ್ನೂ ಅರದಿಂದ ಉಜ್ಜಿ ಉಜ್ಜಿ ಮುಳ್ಳಿನಷ್ಟು ಚೂಪು ಮಾಡಿದೆ. ಅದನ್ನು ಬೆಳಕಿಗೆ ಹಿಡಿದು ನೀನು ಅತ್ತುಬಿಟ್ಟೆ. ಆ ಸಂಭ್ರಮದಲ್ಲಿ ನನ್ನ ಹಳೇ ಪ್ರಾಸದ ಚಟ ಕೆರಳಿ ಎರಡು ಸಾಲು ಹುಟ್ಟಿತು:

ಬಿಳಿಯ ಕಣವೇ ಕಾವಲುಗಾರ,
ಕೊರಳಿಗೆ ಇದುವೇ ಬೆಳ್ಳಿಯ ಹಾರ.

ಅದೂ ನಿಮ್ಮ ಪ್ರದರ್ಶನದ ಪುಸ್ತಿಕೆಯಲ್ಲಿದೆ. ಕೆಳಗೆ ಯಾರ ಹೆಸರೂ ಇಲ್ಲ. ಪದ್ಯಕ್ಕೆ ಸ್ಥಳೀಯ ಕುಶಲಕರ್ಮಿಯೂ ಸಿಗಲಿಲ್ಲವೇನೋ.

ಆ ಪುಸ್ತಿಕೆಯಲ್ಲಿ ಇನ್ನೊಂದು ಮುತ್ತು ಓದಿದೆ. ನಾನು ಮಾಡಿಕೊಟ್ಟ ಕೊನೆಯ ಕಂತಿನ ಪದಕಗಳಲ್ಲಿ ಕಣದ ಕೈಗಳು ಚೂಪಾಗಿಲ್ಲವಲ್ಲ, ಅದರ ಬಗ್ಗೆ: ‘ಇಲ್ಲಿ ತುದಿಗಳನ್ನು ಬೇಕೆಂದೇ ಮೊಂಡಾಗಿಸಲಾಗಿದೆ. ಇದು ರಕ್ಷಣೆಯಲ್ಲಿ ಅಡಗಿರುವ ಕರುಣೆಯ ಸಂಕೇತ.’ ಕನ್ನಡಕದ ಹೆಂಗಸೊಬ್ಬಳು ಇದನ್ನು ಓದಿ ಗಂಡನಿಗೆ, ‘ಎಷ್ಟು ಕರುಣೆ ಅಲ್ವೇನ್ರೀ?’ ಅಂದಳು. ಆತ, ‘ಬೆಲೆ ನೋಡೇ, ಎಲ್ಲಿದೆ ಕರುಣೆ?’ ಅಂದ. ಇಡೀ ಪ್ರದರ್ಶನದಲ್ಲಿ ನನಗೆ ಹಿಡಿಸಿದವನು ಅವನೊಬ್ಬನೇ.

ಆಮೇಲೆ ನೀನು ಬಂದೆ, ಎಲ್ಲರೆದುರು ನನ್ನ ಕೈ ಹಿಡಿದು ಕುಲುಕಿದೆ. ‘ಅಕ್ಕಾ, ಕೈ ಯಾಕೆ ಇಷ್ಟು ಬಿಸಿ?’ ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕರೆದರು, ಹೋದೆ. ಉತ್ತರಕ್ಕೆ ಮತ್ತೆ ಬರಲಿಲ್ಲ. ಕಣ್ಣಿಗೇ ಕಾಣದ ಚುಕ್ಕಿಯ ಮುಂದೆ ದಿನಗಟ್ಟಲೆ ಬಗ್ಗಿ ಕೂರುವವಳು ನೀನು. ನನ್ನ ಕೈ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದು, ಅದೇ ಅದರ ತಪ್ಪು.

ಆದಕಾರಣ, ಮಾನ್ಯ ಸಭಿಕರೇ, ಸ್ವಾಭಿಮಾನವೊಂದನ್ನೇ ಕಾರಣವಾಗಿಟ್ಟುಕೊಂಡು ಈ ಕೆಲಸದಿಂದ ನಿವೃತ್ತಳಾಗುತ್ತಿದ್ದೇನೆ. ಅಚ್ಚುಗಳನ್ನು ಕಳಿಸಿದ್ದೇನೆ. ಬೇರೆ ಯಾರನ್ನಾದರೂ ಹಿಡಿದು ಮಾಡಿಸಿಕೊ. ಅಕ್ಕ ಸಾಲದವರಿಗೆ ಅಕ್ಕಸಾಲಿಗರಿಗೇನು ಬರವೇ?

ಇಂತಿ,
ಕರುಣಾಮಯಿ ಸ್ಥಳೀಯ ಕುಶಲಕರ್ಮಿ,
ನಿನ್ನ ಅಕ್ಕ

ತಾ.ಕ.: ಸ್ವಾಭಿಮಾನವೂ ಇಲ್ಲ, ಸುಡುಗಾಡೂ ಇಲ್ಲ. ಕಾರ್ಡು ನೋಡಿ ಹೊಟ್ಟೆ ಉರಿದದ್ದು ನಿಜ, ಆದರೆ ಹೆಸರು ಹಾಕಿದ್ದರೂ ನಾನು ಒಪ್ಪಿಕೊಳ್ಳುವ ಹಾಗಿರಲಿಲ್ಲ. ಬೆರಳು ಮಡಚಲು ಆಗುತ್ತಿಲ್ಲ, ಚೂಟಿ. ಬೆಳಿಗ್ಗೆ ನನಗೆ ಗುಂಡಿ ಹಾಕಿಕೊಡುವುದು ನಿನ್ನ ಭಾವ. ಈ ಪತ್ರವನ್ನೂ ನಾನು ಹೇಳುತ್ತಾ ಹೋದೆ, ಅವರು ಟೈಪ್ ಮಾಡಿದರು. ಸಂಧಿವಾತವಂತೆ. ‘ನಿಮ್ಮನ್ನ ಕಾಯ್ಬೇಕಾದ ಕಣಗಳೇ ನಿಮ್ಮ ಕೀಲುಗಳನ್ನ ಹೊರಗಿನೋರು ಅಂದ್ಕೊಂಡು ತಿಂತಾ ಇವೆ’ ಅಂದರು ಡಾಕ್ಟರು. ‘ಹೊರಗಿನೋರಲ್ಲ ಡಾಕ್ಟ್ರೇ, ಸ್ಥಳೀಯರು’ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಆ ಮೊಂಡು ತುದಿಗಳಲ್ಲಿ ಯಾವ ಕರುಣೆಯೂ ಇಲ್ಲ. ಅರ ಹಿಡಿಯಲಾಗದೆ ಹಾಗೇ ಬಿಟ್ಟೆ. ಪದ್ಯಕ್ಕೂ ಮೂರನೇ ಸಾಲು ಸಿಕ್ಕಿದೆ: ಬೆರಳಿಗೆ ಈಗ ಅರವೂ ಭಾರ. ಮೇಲಿನ ಸಹಿ ಮಾತ್ರ ನಾನೇ ಹಾಕಿದ್ದು. ಸೊಟ್ಟಗಿದೆ ಅಂತ ಅದರಲ್ಲೂ ಸಂಕೇತ ಹುಡುಕುತ್ತಾ ಕೂರಬೇಡ. ಒಂದು ಸಲ ಬರಿಗಣ್ಣಲ್ಲಿ ಬಂದು ನೋಡಿಹೋಗು.